ಕೂಗಿ ಹೇಳಿದ ತೂಕ

ಕಾನ್ವೆಂಟಿನಲ್ಲಿ ನಮಗೆ ಮೊದಲು ಕಲಿಸಿದ್ದೇ "ಸ್ಪೀಕ್ ಅಪ್, ಚೈಲ್ಡ್!" ತಗ್ಗಿದ ದನಿಯಲ್ಲಿ ಮಾತಾಡಿದರೆ ಸಿಸ್ಟರ್ ಸ್ಕೇಲಿನಿಂದ ಮೇಜು ಕುಟ್ಟುತ್ತಿದ್ದರು. ಆ ಗಟ್ಟಿ ದನಿ ನನಗೆ ಜೀವನದುದ್ದಕ್ಕೂ ಅನ್ನ ಕೊಟ್ಟಿತು. ಒಬ್ಬ ಹುಡುಗಿಯ ಅನ್ನ ಕಿತ್ತುಕೊಂಡದ್ದೂ ಅದೇ ದನಿ.

ತೊಂಬತ್ತರ ದಶಕವೆಲ್ಲ ನಾನು ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಲ್ಲಿ ಹೆಂಗಸರ ಮೂಳೆಯ ಮೇಲೆ ರಿಸರ್ಚ್ ಮಾಡಿಕೊಂಡು ತಿರುಗಿದೆ. ಯಾರು ಎಷ್ಟು ಹಾಲು ಕುಡಿಯುತ್ತಾರೆ, ಎಷ್ಟು ರಾಗಿ ತಿನ್ನುತ್ತಾರೆ, ಯಾರ ಬೆನ್ನು ಯಾವ ವಯಸ್ಸಿಗೆ ಬಾಗಿತು. ಆ ಅಂಗಳಗಳಲ್ಲಿ ಕುಳಿತು ಮಾತಾಡಿದ ಮಧ್ಯಾಹ್ನಗಳು ಈಗಲೂ ಕಣ್ಣ ಮುಂದೆ ಬರುತ್ತವೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಪೇಟೆಯ ಮಕ್ಕಳು ದಪ್ಪವಾಗುತ್ತಿದ್ದಾರೆ ಎಂಬ ಹೊಸ ಚಿಂತೆ ಶುರುವಾಯಿತು. ಚಿತ್ರದುರ್ಗದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಮಕ್ಕಳ ಎತ್ತರ, ತೂಕ ಅಳೆಯಲು ಹೋದೆವು.

ತೂಕದ ಯಂತ್ರದ ಮುಂದೆ ನಿಂತು ನಾನು ಸಂಖ್ಯೆ ಕೂಗಬೇಕು, ಅಸಿಸ್ಟೆಂಟ್ ಅದನ್ನೇ ತಿರುಗಿ ಕೂಗಿ ಬರೆದುಕೊಳ್ಳಬೇಕು. ಬರೆಯುವಾಗ ತಪ್ಪಾಗಬಾರದೆಂದು ಈ ಪದ್ಧತಿ. ಪ್ರೇಯರ್ ಹಾಲಿನಲ್ಲಿ ಸಾಲಾಗಿ ನಿಂತಿದ್ದ ಆರನೇ ಕ್ಲಾಸಿನ ಮಕ್ಕಳ ಎದುರೂ ಹಾಗೇ ಕೂಗಿದೆ. ಒಬ್ಬ ಹುಡುಗಿಯ ಸಂಖ್ಯೆ ಕೇಳಿ ಸಾಲಿಗೆ ಸಾಲೇ ನಕ್ಕಿತು.

"ಲೇ, ಗೋಡೌನ್ ಬಂತು, ದಾರಿ ಬಿಡ್ರೋ!" ಎಂದಿತು ಹಿಂದಿನಿಂದ ಒಂದು ದನಿ.

ನಾನು "ಸೈಲೆನ್ಸ್!" ಎಂದು ಗದರಿ ಮುಂದಿನ ಮಗುವನ್ನು ಕರೆದೆ. ನಾನು ಮಾಡಿದ್ದು ಅಷ್ಟೇ.

ಅದೂ ಸಾಲದೆಂಬಂತೆ ಹೆಡ್‌ಮಿಸ್ ನಮ್ಮ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು, ತೂಕ ಹೆಚ್ಚಿದ್ದವರ ಹೆಸರಿಗೆ ಕೆಂಪು ಗೆರೆ ಎಳೆದು. ಪಟ್ಟಿ ಕೊಟ್ಟವಳು ನಾನೇ. ಕೇಳಿದರು, ಕೊಟ್ಟೆ. ಫೂಲ್!

ಮರುವರ್ಷ ಎರಡನೇ ಸುತ್ತಿಗೆ ಹೋದಾಗ ಆ ಹುಡುಗಿ ಸಾಲಿನಲ್ಲಿರಲಿಲ್ಲ. ತುರುವನೂರಿನಲ್ಲಿ ಕುರಿ ಸಾಕಿಕೊಂಡಿದ್ದ ಅವಳ ಅಜ್ಜ ಅವಳನ್ನು ಕರೆದುಕೊಂಡು ನಾವು ಕುಳಿತಿದ್ದ ಕೋಣೆಗೇ ಬಂದರು. ಹುಡುಗಿ ಸೊರಗಿದ್ದಳು. ಬಲಗೈಯನ್ನು ಎದೆಗೊತ್ತಿಕೊಂಡು ಅವರ ಹಿಂದೆ ನಿಂತಳು.

"ಬರ್ರಿ ಅಜ್ಜಾ, ಕುಂತ್ಕಳ್ರಿ" ಎಂದೆ.

"ಕುಂತ್ಕಳಾಕೆ ಬಂದಿಲ್ಲ ತಾಯಿ. ಹೋದ ವರ್ಷ ಕೂಗಿದ ಮೇಡಂ ಯಾರು?"

"ನಾನೇ."

"ನಾವು ಸಂತೆಯಾಗೆ ಕುರಿ ಮಾರಾಗ್ಲೂ ಟವೆಲ್ ಕೆಳಗೆ ಕೈ ಇಟ್ಟು, ಬೆರಳು ಹಿಡ್ದು ರೇಟು ಹೇಳ್ತೀವಿ. ಪಕ್ಕದಾಗೆ ನಿಂತೋನಿಗೂ ಗೊತ್ತಾಗಂಗಿಲ್ಲ. ಕುರಿಗೇ ಅಷ್ಟು ಮರ್ಯಾದಿ ಐತೆ. ನನ್ನ ಮೊಮ್ಮಗಳನ್ನ ಊರಿಗೆಲ್ಲ ಕೇಳಂಗೆ ತೂಗಿದ್ರಲ್ಲ, ಇದೇನಾ ನಿಮ್ಮ ಓದು?"

ವರ್ಷದಿಂದ ಅವಳು ಮುದ್ದೆ ಮುಟ್ಟಿಲ್ಲವಂತೆ. ಹಾಲು, ಮೊಸರು ಕಂಡರೆ ಎದ್ದು ಹೋಗುತ್ತಾಳಂತೆ. ಆ ಪಟ್ಟಿ ನೋಡಿ ಬಂದ ತಾಯಿ ಮನೆಯಲ್ಲಿ ಬೆಣ್ಣೆ, ಶೇಂಗಾ ಚಟ್ನಿ ಎಲ್ಲ ನಿಲ್ಲಿಸಿದ್ದಳು. ಖೋಖೋ ಆಡುವಾಗ ಬಿದ್ದು ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಮೊನ್ನೆ ಬಿಚ್ಚಿದ್ದರು. "ಹಿಂಗೇ ಉಪಾಸ ಇದ್ರೆ ಎಲುಬು ಹೆಂಗೆ ಗಟ್ಟಿ ಆಗ್ತೈತೆ, ಅಂತ ಡಾಕ್ಟ್ರು ಬೈದ್ರು" ಎಂದರು ಅಜ್ಜ. ಮುರಿದದ್ದು ಬಿದ್ದದ್ದಕ್ಕೋ, ತಿನ್ನದೆ ಇದ್ದದ್ದಕ್ಕೋ, ಆಣೆ ಮಾಡಿ ಹೇಳಲಾರೆ. ಆದರೆ ಮೂಳೆ ಗಟ್ಟಿಯಾಗಲು ಏನು ತಿನ್ನಬೇಕೆಂದು ಹತ್ತು ವರ್ಷ ಊರೂರಿಗೆ ಹೇಳಿಕೊಂಡು ತಿರುಗಿದವಳು ನಾನು! ಮೈಯೆಲ್ಲ ಉರಿಯಿತು. ಹೆಡ್‌ಮಿಸ್ ಮೇಲೆ, ಆ ಕೆಂಪು ಗೆರೆಯ ಮೇಲೆ, ಎಲ್ಲಕ್ಕಿಂತ ನನ್ನ ಹಾಳು ಗಂಟಲಿನ ಮೇಲೆ. ಈಗಲೂ ಉರಿಯುತ್ತದೆ. ವಯಸ್ಸಾದಂತೆ ಸಿಟ್ಟು ಮಾಗುತ್ತದೆ ಎನ್ನುವುದೆಲ್ಲ ನಾನ್‌ಸೆನ್ಸ್.

ಅಸಿಸ್ಟೆಂಟನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ. "ನಿಮ್ಮ ಟವೆಲ್ ಕೊಡ್ರಿ ಅಜ್ಜಾ" ಎಂದು ಇಸಿದುಕೊಂಡು ಯಂತ್ರದ ಮುಳ್ಳು ಕಾಣದಂತೆ ಹೊದಿಸಿದೆ. ಅಜ್ಜ ಗೋಡೆಗೆ ಮುಖ ಮಾಡಿ ನಿಂತರು.

"ಹತ್ತವ್ವ, ಯಾರೂ ನೋಡಂಗಿಲ್ಲ. ನಾನೂ ನೋಡಲ್ಲ" ಎಂದರು ಅಜ್ಜ.

ಹುಡುಗಿ ಹತ್ತಿದಳು. ಟವೆಲಿನ ಅಂಚು ಎತ್ತಿ ನಾವಿಬ್ಬರೇ ಇಣುಕಿದೆವು. ಎತ್ತರ ಆಗಲೇ ಅಳೆದಿದ್ದೆ, ಎರಡು ಬೆರಳು ಏರಿತ್ತು; ತೂಕ ಇಳಿದಿತ್ತು. ಬಗ್ಗಿ ಅವಳ ಕಿವಿಯಲ್ಲಿ ಹೇಳಿದೆ: "ನೀನು ಬೆಳೆಯೋ ಹುಡುಗಿ. ಇದು ಇಳೀಬಾರದು ಕಣಮ್ಮ."

ಅವಳು ಟವೆಲಿನ ಅಂಚನ್ನು ಮತ್ತೆ ಮುಳ್ಳಿನ ಮೇಲೆ ಎಳೆದಳು. ಆಮೇಲೆ ಪಿಸುಗುಟ್ಟಿದಳು: "ಹಂಗಾದ್ರೆ ಮಜ್ಜಿಗೆ ಕುಡೀಬೋದಾ ಮಿಸ್?"

ಒಂದು ಲೋಟ ಮಜ್ಜಿಗೆಗೆ ಪರ್ಮಿಷನ್! ಅದೂ ನನ್ನನ್ನು ಕೇಳಿ!

"ಕುಡಿಯಮ್ಮ. ಮುದ್ದೆನೂ ತಿನ್ನು. ನಿಮ್ಮಮ್ಮನಿಗೆ ನಾನೇ ಬಂದು ಹೇಳ್ತೀನಿ."

ಅಜ್ಜ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು. "ಈಗ ಕುಂತ್ಕಂತೀನಿ ತಾಯಿ. ಒಂಚೂರು ನೀರು ಕೊಡ್ರಿ" ಎಂದರು.

ನೀರು ತರಲು ಬಾಗಿಲು ತೆರೆದರೆ ಎದುರಿಗೇ ಹೆಡ್‌ಮಿಸ್. "ಎಷ್ಟು ಬಂತು ಮೇಡಂ? ಒಳ್ಳೆ ರೆಡ್ಯೂಸ್ ಆಗಿದಾಳಲ್ಲ, ವೆರಿ ಗುಡ್!"

"ಎಷ್ಟಾದ್ರೆ ನಿಮಗ್ಯಾಕ್ರೀ?" ಎಂದೆ, ಸಿಸ್ಟರ್ ಕಲಿಸಿದ ಅದೇ ಗಟ್ಟಿ ದನಿಯಲ್ಲಿ. ಈ ಸಲ ಪಟ್ಟಿ ಕೊಡಲಿಲ್ಲ. ಆ ಸಂಖ್ಯೆಯನ್ನು ಇಂದಿಗೂ ಯಾರಿಗೂ ಹೇಳಿಲ್ಲ. ಇಲ್ಲಿಯೂ ಬರೆಯುವುದಿಲ್ಲ.