ರಫೀಕನ ಸಲಾಂ

ಆಯಿಶಮ್ಮ, ನಿಮ್ಮ ಮಗ ರಫೀಕ್ ಕೊನೆಯ ಸಲ ಕಳಿಸಿದ ವಿಡಿಯೋದಲ್ಲಿ ಸಲಾಂ ಹೇಳಿದ್ದ. ಅದನ್ನು ಕತ್ತರಿಸಿದವನು ನಾನು.

ಡ್ರಿಲ್ ಮಾಸ್ತರಿಕೆಯಿಂದ ನಿವೃತ್ತನಾಗಿ ಮೆಲ್ಕಾರಿನಲ್ಲಿ ವಿಡಿಯೋ ಅಂಗಡಿ ಇಟ್ಟಿದ್ದ ಕಾಲ. ಗಲ್ಫಿನಿಂದ ಬಂದ ಫೈಲುಗಳು ಮನೆಗಳ ಸಿ.ಡಿ. ಪ್ಲೇಯರಿನಲ್ಲಿ ಓಡುತ್ತಿರಲಿಲ್ಲ. ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪು ಮಾಡಿ — ಎಲ್ಲಿಂದ ಶುರು, ಎಷ್ಟು ಹೊತ್ತು, ಯಾವ ರೂಪ — ನಾನು ಬದಲಿಸಿ ಸಿ.ಡಿ.ಗೆ ಹಾಕಿ ಕೊಡುತ್ತಿದ್ದೆ. ಆದೇಶ ಕೊಟ್ಟರೆ ಕೆಲಸ ಮುಗಿಯಿತು. ಅದು ನನಗೆ ಹಿಡಿಸಿತ್ತು.

ಆ ದಿನ ಪೆನ್‌ಡ್ರೈವ್ ತಂದವರು ನಿಮ್ಮ ಹಿರಿಮಗ. ದಮ್ಮಾಮಿನಲ್ಲಿ ರಫೀಕನಿಗೆ ಹೃದಯದ ಆಪರೇಶನ್ ಎಂದು ಅವರಿಗೆ ಗೊತ್ತಿತ್ತು, ನಿಮಗೆ ಹೇಳಿರಲಿಲ್ಲ.

"ಮಾಷ್ಟ್ರೆ, ಕೊನೆಗೆ ಆಪರೇಶನ್ ವಿಷಯ ಉಂಟಂತೆ. ಅದನ್ನು ತೆಗೀರಿ. ಉಮ್ಮ ಹೆದರ್ತಾರೆ. ಪೆನ್‌ಡ್ರೈವಲ್ಲಿಯೂ ಇಡ್ಬೇಡಿ."

ಐದಕ್ಕೆ ಸರಿಯಾಗಿ ಬರಲು ಹೇಳಿದೆ. "ನಿಮ್ಮ ಗಡಿಯಾರಕ್ಕೆ ಬಸ್ಸಿನವರೂ ಹೆದರ್ತಾರೆ ಮಾರಾಯ್ರೆ" ಎಂದು ನಕ್ಕು ಹೋದರು.

ಆರನೆಯ ನಿಮಿಷಕ್ಕೆ ಆ ಮಾತು ಶುರುವಾಗುತ್ತಿತ್ತು. ಅಲ್ಲಿಗೇ ಕತ್ತರಿಸಿದೆ. ಉಳಿದದ್ದನ್ನು ಅಳಿಸುವ ಮೊದಲು ಪೂರ್ತಿ ನೋಡಿದೆ — ನೋಡಿರದಿದ್ದರೆ ಇಷ್ಟು ಭಾರವಿರುತ್ತಿರಲಿಲ್ಲವೇನೋ. ಆಪರೇಶನ್ ಸುದ್ದಿ ಮುಗಿಸಿ, ಮುಖ ಒರೆಸಿಕೊಂಡು, ಅವನು ನಿಮಗೆ ಸಲಾಂ ಹೇಳಿದ. ಅದೊಂದನ್ನು ಬೇರೆ ತೆಗೆದು ಮುಂಚಿನದಕ್ಕೆ ಜೋಡಿಸಲು ಇನ್ನೆರಡು ಸಾಲು ಸಾಕಿತ್ತು. ಐದಕ್ಕೆ ಹತ್ತು ನಿಮಿಷವಿತ್ತು. ಸಲಾಂ ತಾನೆ, ದಿನವೂ ಹೇಳುವುದು — ಎಂದುಕೊಂಡು ಅಳಿಸಿದೆ. ಅದು ಇತ್ತೆಂದು ನಿಮ್ಮ ಹಿರಿಮಗನಿಗೂ ಹೇಳಲಿಲ್ಲ.

ಆಪರೇಶನ್ ಆದ ಮೇಲೆ ಅವನು ಕಣ್ಣು ತೆರೆಯಲಿಲ್ಲ.

ಎರಡು ತಿಂಗಳು ಕಳೆದು ನೀವೇ ಅಂಗಡಿಗೆ ಬಂದಿರಿ.

"ಮಾಷ್ಟ್ರೆ, ಸಲಾಂ ಹೇಳದೆ ಅವ ಫೋನ್ ಸಹ ಇಡುವವನಲ್ಲ. ಇದರಲ್ಲಿ ಯಾಕೆ ಇಲ್ಲ? ನನ್ನ ಮೇಲೆ ಕೋಪ ಇತ್ತಾ ಅವನಿಗೆ?"

"ಬಂದದ್ದೇ ಅಷ್ಟು, ಆಯಿಶಮ್ಮ."

ನೀವು ನಂಬಿದಿರಿ. ಮಾಸ್ತರರು ಸುಳ್ಳು ಹೇಳುವುದಿಲ್ಲ ಎಂದು ನಂಬಿ — ಮಗನೇ ಮುನಿಸಿಕೊಂಡು ಹೋದ ಎಂದುಕೊಂಡಿರಿ. ಈಗಲೂ ನೀವು ಮನೆಗೆ ಬಂದವರಲ್ಲಿ, "ನಾನೇನು ತಪ್ಪು ಮಾಡಿದ್ದೆ" ಎಂದು ಕೇಳುತ್ತೀರಂತೆ. ನಿಮ್ಮ ತಪ್ಪು ಏನೂ ಇಲ್ಲ. ಏನೂ ಇಲ್ಲ.

ನಿಮ್ಮ ಮೊಮ್ಮಗಳು ಈ ಕಾಗದವನ್ನು ನಿಮಗೆ ಓದಿ ಹೇಳಲಿ. ಬರೆದು ಕಳಿಸದೆ ಬಂದರೆ, ಎದುರು ಕೂತು ಮತ್ತೆ ಬೇರೇನೋ ಮಾತಾಡಿ ಎದ್ದುಬಿಟ್ಟೇನು. ನಾಳೆ ನಾನೇ ಬರುತ್ತೇನೆ, ಕ್ಷಮೆ ಕೇಳಲಿಕ್ಕಲ್ಲ. ಆ ಕೊನೆಯ ಮಾತುಗಳನ್ನು ಕೇಳಿಸಿಕೊಂಡವನು ಊರಲ್ಲಿ ನಾನೊಬ್ಬನೇ. ಹೆದರಬೇಡಿ ಉಮ್ಮ ಎಂದಿದ್ದ, ದುಆ ಮಾಡಿ ಎಂದಿದ್ದ, ಆಮೇಲೆ ಸಲಾಂ. ಅವನು ಹೇಳಿದಷ್ಟೇ ನಿಧಾನವಾಗಿ ನಿಮಗೆ ಹೇಳಿ ಮುಗಿಸುತ್ತೇನೆ. ಅನಂತರ ಹೋಗಿ ಎಂದರೆ ಹೋಗುತ್ತೇನೆ.