ಬಿಸಿಲ ಪೆಟ್ಟಿಗೆಯ ಲೆಕ್ಕದಲ್ಲಿ ರೊಟ್ಟಿ ಇರಲಿಲ್ಲ

ಎಪ್ಪತ್ತರ ದಶಕದ ಕೊನೆಯಲ್ಲಿ ಹೂವಿನ ಹಿಪ್ಪರಗಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಬಿಸಿಲಿನಲ್ಲಿ ಅಡುಗೆ ಬೇಯಿಸುವ ಪೆಟ್ಟಿಗೆಯೊಂದು ಬಂದು ಕೂತಿತು. ಒಳಗೆ ಕಪ್ಪು ಬಳಿದ ತಗಡು, ಮೇಲೆ ಎರಡು ಪದರು ಗಾಜು, ಮುಚ್ಚಳಕ್ಕೆ ಕನ್ನಡಿ. ಪೆಟ್ಟಿಗೆಯ ಮೇಲೆ ನನಗೆ ಸಿಟ್ಟಿಲ್ಲ. ಬಿಸಿಲಿಗಿಟ್ಟರೆ ಅದು ಬೇಳೆ ಬೇಯಿಸುತ್ತಿತ್ತು. ನನ್ನ ಸಿಟ್ಟೆಲ್ಲ ಅದನ್ನು ಮಾರಿದವನ ಲೆಕ್ಕದ ಮೇಲೆ, ಮತ್ತು ಆ ಲೆಕ್ಕಕ್ಕೆ ತಲೆಯಾಡಿಸಿದ ಅಪ್ಪನ ಮೇಲೆ.

ಅವ್ವನ ಕಣ್ಣು ಹೊಗೆಯಿಂದ ಕೆಟ್ಟಿದ್ದವು. ಸದಾ ಕೆಂಪು, ಸದಾ ನೀರು. ಹೊಗೆಯಿಂದ ದೂರ ಇರದಿದ್ದರೆ ಇರುವ ನೋಟವೂ ಹೋದೀತೆಂದು ಡಾಕ್ಟರು ಹೇಳಿದ್ದರು. ಸುಗ್ಗಿಯ ರಾಶಿ ಮುಗಿದ ಮೇಲೆ ಒಲೆಯ ಮೇಲೊಂದು ಹೊಗೆಗೂಡು ಕಟ್ಟಿಸುವುದೆಂದು ಗೌಂಡಿಗೆ ಮಾತು ಕೊಟ್ಟಾಗಿತ್ತು. ಅಷ್ಟರಲ್ಲಿ ಶಹರದಿಂದ ಈ ಮಾರಾಟಗಾರ ಬಂದ.

ಆತ ಮಾಳಿಗೆ ಹತ್ತಿ ಸುತ್ತ ನೋಡಿದ. ಗಿಡದ ನೆರಳಿಲ್ಲ, ಗೋಡೆಯ ನೆರಳಿಲ್ಲ. ‘ಕಾಕಾರ, ನಿಮ್ಮ ಕಡಿ ಬಿಸಿಲಿಗೇನ್ ಬರ ಐತ್ರಿ? ದಿನಾ ಇಡೀ ಮನಿ ಅಡಗಿ ಇದರಾಗ. ಉಳಿದ ಕಟಗಿ ರೊಕ್ಕಾ ಹಿಡೀರಿ, ವರ್ಷದಾಗ ಪೆಟಗಿ ಪುಕ್ಕಟ ಬಿದ್ದಂಗ!’

ಅವ್ವ ಏಣಿಯ ಬುಡದಲ್ಲಿ ನಿಂತು ಕೇಳಿದಳು: ‘ರೊಟ್ಟಿ ಆಗ್ತಾವೇನ್ರಿ?’

‘ಅನ್ನ, ಬ್ಯಾಳಿ, ಬದನಿಕಾಯಿ, ಎಲ್ಲಾ ಆಗ್ತೈತ್ರಿ ಯವ್ವಾ.’

‘ನಾ ರೊಟ್ಟಿ ಕೇಳೇನ್ರಿ.’

‘ನೀ ಸುಮ್ಮಕಿರು, ಇಲ್ಲಿ ಲೆಕ್ಕ ನಡದೈತಿ,’ ಅಂದ ಅಪ್ಪ.

ನಡೆದದ್ದು ಎಂಥ ಲೆಕ್ಕ! ನಮ್ಮ ಮನೆಯ ಒಲೆ ಹೊತ್ತುತ್ತಿದ್ದುದು ನಸುಕಿನಲ್ಲಿ. ಹೊಲಕ್ಕೆ ಹೋಗುವ ಅಣ್ಣನಿಗೆ, ಆಳುಗಳಿಗೆ ಸೂರ್ಯ ಏಳುವುದರೊಳಗೆ ಬುತ್ತಿ ಕಟ್ಟಬೇಕು. ಬುತ್ತಿಯೆಂದರೆ ಜೋಳದ ರೊಟ್ಟಿ. ಅದಕ್ಕೆ ಕಾದ ಹಂಚು ಬೇಕು, ಹಂಚಿನ ಕೆಳಗೆ ಉರಿ ಬೇಕು. ಮತ್ತೆ ಒಲೆ ಹೊತ್ತುವುದು ದೀಪ ಹಚ್ಚುವ ಹೊತ್ತಿಗೆ. ನಡುವಿನ ಬಿಸಿಲೆಲ್ಲ ಬರಿದಾದ ಅಡುಗೆಮನೆಯ ಮೇಲೆ ಬೀಳುತ್ತಿತ್ತು. ಇನ್ನು ಉಳಿಯುವ ಕಟಗಿ? ನಾವು ಉರಿಸುತ್ತಿದ್ದುದು ನಮ್ಮದೇ ಹೊಲದ ತೊಗರಿ ಕಟಗಿ, ಅವ್ವ ಬಡಿದ ಸೆಗಣಿ ಕುಳ್ಳು. ಕೊಳ್ಳದ ಸೌದೆಗೆ ಪೇಟೆಯ ದರ ಹಿಡಿದು ಉಳಿತಾಯ ತೋರಿಸಿದ್ದ ಆ ಮಹಾಶಯ.

ನಾನಾಗ ಶಿಕ್ಷಕಿಯರ ತರಬೇತಿ ಮುಗಿಸಿ ಹತ್ತಿರದ ಹಳ್ಳಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ತರಬೇತಿಯ ವಸತಿನಿಲಯದಲ್ಲಿ ಏಳುವುದಕ್ಕೂ ಉಣ್ಣುವುದಕ್ಕೂ ಗಂಟೆ ಹೊಡೆಯುತ್ತಿದ್ದರು. ಯಾವ ಕೆಲಸ ಯಾವ ಹೊತ್ತಿಗೆ ಎಂದು ಮೊದಲು ಕೇಳುವುದನ್ನು ಅಲ್ಲಿ ಕಲಿತೆ. ಈಗ ಮನೆಗೆ ಸೋಲಾರ್ ಹಾಕಿಸಿರೆಂದು ಬರುವವರೂ ಮೊದಲು ಮಾಳಿಗೆಯನ್ನೇ ಅಳೆಯುತ್ತಾರೆ; ಕರೆಂಟು ಯಾವ ಹೊತ್ತಿಗೆ ಬೇಕೆಂದು ಕೇಳದೆಯೇ ಇಷ್ಟು ವರ್ಷದಲ್ಲಿ ಹಾಕಿದ ದುಡ್ಡು ಮರಳುತ್ತದೆ ಎನ್ನುತ್ತಾರೆ. ಅಂಥವರನ್ನು ನಾನು ಕೆಳಗೆ ಕರೆದು ಅಡುಗೆಮನೆಯಲ್ಲಿ ಕೂರಿಸಿ ಮಾತಾಡಿಸುತ್ತೇನೆ.

ಪೆಟ್ಟಿಗೆ ಕೊಂಡದ್ದೇ ತಡ, ಅಪ್ಪ ಗೌಂಡಿಗೆ ಬರಬೇಡವೆಂದು ಹೇಳಿ ಕಳಿಸಿದ. ಹೊಗೆಯೇ ಇಲ್ಲದ ಮೇಲೆ ಹೊಗೆಗೂಡೇಕೆ ಎಂಬುದು ಅವನ ವಾದ. ಕೆಲವು ದಿನಗಳಲ್ಲಿ ಪೆಟ್ಟಿಗೆ ಕೆಲಸವಿಲ್ಲದೆ ಕೂತಿದೆಯೆಂದು ಅವನಿಗೂ ಕಂಡಿತು. ಲೆಕ್ಕ ತಪ್ಪೆಂದು ಒಪ್ಪಿದನೇ? ಇಲ್ಲ. ಮನೆಯ ಹೊತ್ತನ್ನೇ ಬದಲಿಸಿದ! ಇನ್ನು ಮುಂಜಾನೆ ಬುತ್ತಿಯಿಲ್ಲ, ಎಲ್ಲರೂ ಮಧ್ಯಾಹ್ನ ಮನೆಗೆ ಬಂದು ಬಿಸಿ ಊಟ ಮಾಡಬೇಕು ಎಂದು ಹುಕುಂ ಹೊರಡಿಸಿದ.

‘ಹಂಗಾದ್ರ ಎತ್ತಿನ ಮೇವೂ ಅದರಾಗ ಕುದಸೂಣೇನ ಅಪ್ಪಾ?’ ಅಂದ ಅಣ್ಣ. ಆಳುಗಳು ನಗು ತಡೆದುಕೊಂಡರು. ಆದರೂ ರಾಶಿಯ ಕಣ ಬಿಟ್ಟು, ಕೆಂಡದಂಥ ಬಿಸಿಲಲ್ಲಿ ನಡೆದು ಬಂದರು. ಬೇಳೆ ಬೆಂದಿತ್ತು, ನಿಜ. ರೊಟ್ಟಿ? ಅದನ್ನು ಅವ್ವ ಆಗ ಬಡಿಯಬೇಕು. ನಸುಕಿನ ತಂಪಿನಲ್ಲಿ ಮುಗಿಯುತ್ತಿದ್ದ ಕೆಲಸ ನಡುಮಧ್ಯಾಹ್ನದ ಉರಿಗೆ ಬಂತು. ಅದೇ ಹೊಗೆ, ಅದೇ ಕಟಗಿ. ಸಾಲದ್ದಕ್ಕೆ ಪೆಟ್ಟಿಗೆಯನ್ನು ಸೂರ್ಯನ ಕಡೆಗೆ ತಿರುಗಿಸಲು ಮತ್ತೆ ಮತ್ತೆ ಏಣಿ ಹತ್ತಬೇಕು. ಒಂದು ರವಿವಾರ ಅವಳು ಕಣ್ಣು ಕಾಣದೆ ಮೆಟ್ಟಿಲು ತಪ್ಪಿ ಏಣಿಗೆ ಜೋತುಬಿದ್ದದ್ದನ್ನು ಕಂಡೆ.

ಅಂದೇ ಹೋಗಿ ಗೌಂಡಿಯನ್ನು ಕರೆತಂದು ಮಾಳಿಗೆ ಹತ್ತಿಸಿದೆ. ಕೂಲಿ ನನ್ನ ಪಗಾರದಿಂದ ಎಂದೆ.

‘ಮಾಳಗಿ ಒಡದ್ರ ಮಳ್ಯಾಗ ಸೋರ್ತೈತಿ,’ ಅಂದ ಹಿಂದೆಯೇ ಮೇಲೆ ಬಂದ ಅಪ್ಪ.

‘ಸೋರಿದ್ರ ಬೋಗಾಣಿ ಇಡೂಣಪಾ. ಅವ್ವನ ಕಣ್ಣು ಹೋದ್ರ ಏನ್ ಇಡ್ತಿ?’

ಗೌಂಡಿ ನಮ್ಮಿಬ್ಬರ ಮುಖ ನೋಡಿದ. ಅಪ್ಪ ಕೆಳಗಿಳಿದು ಕಟ್ಟೆಗೆ ಹೋಗಿ ಕೂತ. ಅದನ್ನೇ ಒಪ್ಪಿಗೆಯೆಂದು ಹಿಡಿದು ನಾನು ಕೆಲಸ ಶುರು ಮಾಡಿಸಿದೆ.

ಹೊಗೆಗೂಡು ಮಾಳಿಗೆಯ ಮೇಲೆ ತಲೆಯೆತ್ತಿದ್ದು ಪೆಟ್ಟಿಗೆಯ ಮಗ್ಗುಲಲ್ಲೇ. ಒಲೆ ಇದ್ದದ್ದು ಅದರ ಕೆಳಗೆ. ಮೊದಲ ಸಲ ಒಲೆ ಹೊತ್ತಿಸಿದಾಗ ಹೊಗೆ ನೆಟ್ಟಗೆ ಮೇಲೆ ಹೋಯಿತು. ಸ್ವಲ್ಪ ಹೊತ್ತಿಗೆ ಮಾಳಿಗೆಯಿಂದ ಅಪ್ಪನ ಕೂಗು ಕೇಳಿತು: ‘ಏ, ನನ್ನ ಪೆಟಗಿ ಗಾಜಿನ ಮ್ಯಾಲೆಲ್ಲಾ ಮಸಿ ಬೀಳಾಕತ್ತೈತಿ!’

ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ‘ವರಸ್ಕೋರಿ,’ ಅಂದಳು ಕೂತಲ್ಲಿಂದಲೇ. ‘ಇಷ್ಟ ವರ್ಷ ನಾ ಕಣ್ಣು ವರಸ್ಕೊಂತ ಬಂದಿಲ್ಲೇನು?’

ಮರುದಿನ ಮೊದಲಿನಂತೆ ನಸುಕಿನಲ್ಲೇ ಬುತ್ತಿ ಹೊಲಕ್ಕೆ ಹೋಯಿತು.