ಜಂಬಕ್ಕ ಕೇಳಿ ತಿಳಿದದ್ದು

ಕಂಪ್ಲಿಯಿಂದ ಹೊಳೆ ಕಡೆಗೆ ಹೋಗುವ ರಸ್ತೆಯಲ್ಲಿ ಈಶ್ವರಪ್ಪನ ಗೋದಾಮಿದೆ. ಬಾಳೆಕಾಯಿ ಮಾಗಿಸುವ ಗೋದಾಮು. ಜಂಬಕ್ಕ ಅಲ್ಲಿ ಗೊನೆ ತೊಳೆಯುತ್ತಿದ್ದಳು. ಅವಳ ಗಂಡ ಹಾಲೇಶ ಸತ್ತದ್ದೂ ಅಲ್ಲೇ.

ಹಾಲೇಶ ಲಾರಿಯಿಂದ ಗೊನೆ ಇಳಿಸುವವನು. ಮಾತು ಜಾಸ್ತಿ, ಬೈಗುಳ ಇನ್ನೂ ಜಾಸ್ತಿ. ಕಾಲಿಗೆ ಕಲ್ಲು ತಾಗಿದರೆ ಕಲ್ಲಿಗೂ ನಾಲ್ಕು ಮಾತು ಅಂದೇ ಮುಂದೆ ಹೋಗುವವನು. ಒಂದು ಮಳೆಗಾಲದ ಮಧ್ಯಾಹ್ನ ತಂಪು ಕೋಣೆಯ ಕಬ್ಬಿಣದ ಬಾಗಿಲಿಗೆ ಕೈ ಹಾಕಿದ. ಕರೆಂಟು ಹೊಡೆಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಸಿಡಿಲು ಬಡಿದು ಸತ್ತವರ ಬಗ್ಗೆ ಮಾತಾಡುವ ಹಾಗೆಯೇ ಊರು ಅವನ ಬಗ್ಗೆ ಮಾತಾಡಿತು. ಹಣೆಬರಹ ಅಂದರು. ಅವನ ತಾಯಿ ಹೊಳೆಮ್ಮನೂ ಮೂರು ತಿಂಗಳು ಅತ್ತು, ಕೊನೆಗೆ, "ದೇವ್ರಿಗೆ ಬೇಕಾಗಿದ್ದ, ಕರ್ಕೊಂಡ" ಎಂದು ಕಣ್ಣೊರೆಸಿಕೊಂಡಳು. ಅತ್ತೆ ಸೊಸೆ ಇಬ್ಬರೇ ಉಳಿದರು. ಈಶ್ವರಪ್ಪ ತಾನಾಗಿಯೇ ಕರೆದು ಜಂಬಕ್ಕನಿಗೆ ಕೆಲಸ ಕೊಟ್ಟ. ಅವನ ಬಗ್ಗೆ ಅವಳಿಗೆ ಕೃತಜ್ಞತೆಯೇ ಇತ್ತು. ಆ ಬಾಗಿಲನ್ನು ಮಾತ್ರ ಅವಳು ಮುಟ್ಟುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಈಶ್ವರಪ್ಪ ಗೋದಾಮು ದೊಡ್ಡದು ಮಾಡಲು ಹೊರಟ. ದೊಡ್ಡ ಕನೆಕ್ಷನ್ ಬೇಕಾದರೆ ವೈರಿಂಗು, ಅರ್ಥಿಂಗು ಎಲ್ಲಾ ಹೊಸದಾಗಿ ಆಗಲೇಬೇಕಿತ್ತು. ಅದರ ನಕ್ಷೆ ಮಾಡಲು ಹೊಸಪೇಟೆಯಿಂದ ಶೈಲಜಾ ಎಂಬ ಎಂಜಿನಿಯರ್ ಬಂದಳು. ಹಿತ್ತಲಲ್ಲಿ ಸಾಲಾಗಿ ಕಬ್ಬಿಣದ ಮೊಳೆ ಬಡಿದು, ಅವಕ್ಕೆ ವೈರು ಸಿಕ್ಕಿಸಿ, ಮೀಟರ್ ನೋಡುತ್ತಾ ಕೂತಿದ್ದಳು. ಅಲ್ಲೇ ಗುಡಿಸುತ್ತಿದ್ದ ಜಂಬಕ್ಕ ಹತ್ತಿರ ಹೋದಳು.

"ಏನ್ ನೋಡಾಕತ್ತೀರಿ, ಮೇಡಂ?"

"ಈ ನೆಲ ಕರೆಂಟನ್ನ ಎಷ್ಟು ಒಳಗ ಬಿಟ್ಕೊಳತೈತಿ ಅಂತ. ಅದರ ಮ್ಯಾಲೆ ಅರ್ಥಿಂಗ್ ಗುಂಡಿ ಎಷ್ಟು ಬೇಕು, ಎಷ್ಟು ಆಳ ತೋಡ್ಬೇಕು ಅನ್ನೋದು."

ಆಮೇಲೆ ಶೈಲಜಾ ಒಳಗೆ ಬಂದು ಸೀಮೆಸುಣ್ಣದಿಂದ ಗುರುತು ಹಾಕತೊಡಗಿದಳು. ಯಂತ್ರಗಳಿಗೆ ಹಾಕಿದಳು, ಕಬ್ಬಿಣದ ಅಟ್ಟಣಿಗೆಗೆ ಹಾಕಿದಳು, ನೀರಿನ ಪೈಪಿಗೆ ಹಾಕಿದಳು. ತಂಪು ಕೋಣೆಯ ಬಾಗಿಲಿಗೂ ಹಾಕಿದಳು. ಜಂಬಕ್ಕ ಸುಮ್ಮನಿರಲಾರದೆ ಹೋದಳು.

"ಬಾಗಿಲಿಗ್ಯಾಕ್ರಿ? ಅದು ಕರೆಂಟಿನ ಸಾಮಾನಲ್ಲಲ್ಲ."

"ಅಲ್ಲ. ಆದ್ರ ವೈರಿನ ರಬ್ಬರ್ ಸವದು ಬಾಗಿಲಿಗೆ ತಾಗಿದ್ರ ಬರತೈತಿ. ಆಗ ಯಾರರ ಮುಟ್ಟಿದ್ರ, ನೆಲಕ್ಕ ಹೋಗಾಕ ಕರೆಂಟಿಗೆ ಅವರ ಮೈನೇ ದಾರಿ. ಅದಕ್ಕ ಇದನ್ನೆಲ್ಲಾ ತಾಮ್ರದ ಪಟ್ಟಿಲೆ ನೆಲಕ್ಕ ಕಟ್ಟಿಬಿಡೂದು."

ಜಂಬಕ್ಕನ ಕೈಯ ಪೊರಕೆ ನಿಂತಿತು. "ಫ್ಯೂಸ್ ಇರತೈತೆಲ್ರಿ?"

"ಫ್ಯೂಸ್ ಇರೂದು ವೈರು ಸುಡದಂಗ ಕಾಯಾಕ. ಮನುಷ್ಯಾನ ಜೀವ ತೆಗಿಯೋ ಕರೆಂಟು ಭಾಳ ಸಣ್ಣದು ಅಕ್ಕ, ಅಷ್ಟಕ್ಕ ಫ್ಯೂಸ್ ಮಿಸುಕಾಡೂದಿಲ್ಲ. ಅದಕ್ಕ ಬ್ಯಾರೆ ಸ್ವಿಚ್ ಐತಿ. ಒಂಚೂರು ಸೋರಿದ್ರ ಸಾಕು, ತಕ್ಷಣ ಲೈನ್ ಬಂದ್ ಮಾಡತೈತಿ."

"ಇವೆರಡೂ ಇದ್ರ, ಬಾಗಿಲು ಹಿಡಿದಾತ ಸಾಯಂಗಿಲ್ಲೇನ್ರಿ?"

ಶೈಲಜಾಳಿಗೆ ಹಾಲೇಶನ ಸಂಗತಿ ಗೊತ್ತಿರಲಿಲ್ಲ, ನಕ್ಕಳು. "ಎಲ್ಲಿ ಸಾಯ್ತಾನ? ಚುರ್ ಅಂದೀತು. ಒಂದೆರಡು ಬೈಕೊಂಡು ಕೆಲಸಕ್ಕ ಹೋಗ್ತಾನ."

ಜಂಬಕ್ಕ ಒದ್ದೆ ನೆಲದ ಮೇಲೆ ಕುಸಿದು ಕೂತಳು. ಜೊತೆಗೆ ಕೆಲಸ ಮಾಡುವ ಅಂಜಿನಿ ಓಡಿ ಬಂದು, ಶೈಲಜಾಳನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದ. ಶೈಲಜಾ ಬಂದು ಜಂಬಕ್ಕನ ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ನಂಗ ಗೊತ್ತಿರಲಿಲ್ಲಕ್ಕ. ಗೊತ್ತಿದ್ರ ಹಿಂಗ ಹೇಳ್ತಿರಲಿಲ್ಲ."

"ಗೊತ್ತಿಲ್ಲದ್ದ ಚಲೋ ಆತು ಬಿಡ್ರಿ," ಅಂದಳು ಜಂಬಕ್ಕ. "ಇಷ್ಟು ದಿನ ಒಬ್ರೂ ಹೇಳಿರಲಿಲ್ಲ."

ಎದ್ದವಳು ನೇರವಾಗಿ ಈಶ್ವರಪ್ಪ ಕೂರುವ ಕೋಣೆಗೆ ಹೋದಳು. "ಸಾವ್ಕಾರ್ರ, ನಿಮಗ ಗೊತ್ತಿತ್ತೇನ್ರಿ?"

ಏನು ಎಂದು ಅವನು ಕೇಳಲಿಲ್ಲ. "ವೈರಿಂಗ್ ಮಾಡಿದಾತ ಅಂದಿದ್ದ. ಅರ್ಥಿಂಗ್ ತಂತಿ ತುಕ್ಕು ತಿಂದೈತಿ ಅಂತ. ಸೀಸನ್ ಮುಗೀಲಿ, ಆಮ್ಯಾಲೆ ಮಾಡ್ಸಾಣ ಅಂದೆ. ಹಿಂಗಾಗತೈತಂತ ನಂಗೇನ್ ಕನಸು ಬಿದ್ದಿತ್ತೇನು, ಜಂಬಕ್ಕ?"

ಅವನ ಕಣ್ಣಲ್ಲಿ ನೀರಿತ್ತು. ನಾಟಕದ ನೀರಲ್ಲ. ಅವನು ಕೆಟ್ಟವನಾಗಿದ್ದರೆ ಅವಳು ಮಣ್ಣು ತೂರಿ ಶಾಪ ಹಾಕಿ ಹಗುರಾಗುತ್ತಿದ್ದಳು. ಅದಕ್ಕೂ ದಾರಿ ಇಲ್ಲದೆ ಮನೆಗೆ ನಡೆದಳು. ಮತ್ತೆ ಆ ಗೋದಾಮಿಗೆ ಹೋಗಲಿಲ್ಲ.

ಹೊಳೆಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಜಂಬಕ್ಕ ಎಲ್ಲವನ್ನೂ ಹೇಳಿದಳು. ತಂತಿಯ ಸಂಗತಿ, ಸ್ವಿಚ್ಚಿನ ಸಂಗತಿ, ಸಾವ್ಕಾರ ಆಡಿದ ಮಾತು. ಒಬ್ಬಳೇ ಹೊರಲಾರದ್ದನ್ನು ಇಬ್ಬರು ಹೊತ್ತರೆ ಭಾರ ಇಳಿದೀತು ಎಂದುಕೊಂಡಿದ್ದಳು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

"ಯಾಕ ಹೇಳಿದ್ಯವ್ವಾ? ದೇವ್ರು ಒಯ್ದಾನಂತ ಹೆಂಗೋ ಜೀವ ಹಿಡ್ಕೊಂಡಿದ್ದೆ. ಈಗ ಯಾರ್ ಒಯ್ದ್ರಂತ ತಿಳ್ಕೊಳ್ಳಿ?"

ಅಂದಿನಿಂದ ಹೊಳೆಮ್ಮ ದೇವರ ಮುಂದೆ ದೀಪ ಹಚ್ಚುವುದನ್ನು ಬಿಟ್ಟಳು. ಜಂಬಕ್ಕ ಒಂದು ದಿನ ತಾನೇ ಹಚ್ಚಲು ಹೋದಾಗ ಬೇಡ ಎನ್ನಲಿಲ್ಲ, ಎದ್ದು ಹೊರಗೆ ಹೋಗಿ ಕೂತಳು.

ಜಂಬಕ್ಕ ಈಗ ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಯಲ್ಲಿ ಅಡಿಗೆ ಮಾಡುತ್ತಾಳೆ. ಗೋದಾಮು ಶೈಲಜಾ ಬರೆದುಕೊಟ್ಟ ಹಾಗೆಯೇ ಎದ್ದು ನಿಂತಿದೆ, ಅಲ್ಲಿ ಮತ್ತೆ ಯಾರಿಗೂ ಏನೂ ಆಗಿಲ್ಲ. ಊಟಕ್ಕೆ ಬಂದಾಗ ಅಂಜಿನಿ ಹೇಳುತ್ತಾನೆ. "ಚಲೋ ಆತಪ್ಪ," ಅನ್ನುತ್ತಾಳೆ ಅವಳು, ಮನಸ್ಸಿನಿಂದಲೇ.

ಮೊನ್ನೆ ಮುಂಜಾನೆ ಕೆಲಸಕ್ಕೆ ಹೊರಟವಳನ್ನು ಹೊಳೆಮ್ಮ ಬಾಗಿಲಲ್ಲಿ ತಡೆದಳು.

"ಲೇ, ಒಂದು ಕೇಳ್ತೀನಿ. ಅವ ಭಾಳ ಹೊತ್ತು ಒದ್ದಾಡಿದ್ನೇನು?"

ಮೇನ್ ಸ್ವಿಚ್ಚಿನ ಕೋಣೆಗೆ ಬೀಗ ಹಾಕಿತ್ತು, ಅದನ್ನು ಒಡೆಯುವ ತನಕ ಹಾಲೇಶನ ಕೈ ಬಾಗಿಲಿಂದ ಬಿಡಲಿಲ್ಲ ಎಂದು ಅಂಜಿನಿ ಒಮ್ಮೆ ಅಳುತ್ತಾ ಹೇಳಿದ್ದ. ಜಂಬಕ್ಕ ಅದನ್ನು ಯಾರಿಗೂ ಹೇಳಿರಲಿಲ್ಲ.

"ಇಲ್ಲತ್ತಿ. ಆತಗ ತಿಳೀಲೇ ಇಲ್ಲ."

ನಂಬಿದಳೋ ಇಲ್ಲವೋ, ಹೊಳೆಮ್ಮ ಸೊಸೆಯ ಸೆರಗು ಸರಿಮಾಡಿ, "ಹೋಗು, ಹೊತ್ತಾತು," ಅಂದಳು.